ಒಲೆ ಹಚ್ಚುವ ಮುನ್ನ ತಟ್ಟೆಗಳನ್ನು ಎಣಿಸಿ

ಕ್ರಿಸ್‌ಮಸ್‌ಗೆ ಕುಸ್ವಾರ್ ಮಾಡುವುದು ಹೇಗೆ ಎಂದು ಯಾರು ಕೇಳಿದರೂ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಎಷ್ಟು ಮನೆಗೆ ಕೊಡುತ್ತೀರಿ, ಆ ಮನೆಗಳಲ್ಲಿ ಯಾರು ಏನು ತಿನ್ನುವುದಿಲ್ಲ? ಮೈದಾ ಎಷ್ಟು, ತೆಂಗಿನಕಾಯಿ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ತಿಂಗಳಲ್ಲಿ ತಯಾರಾಗುವ ಈ ತಿಂಡಿಗಳ ಗುಂಪಿಗೆ ಕುಸ್ವಾರ್ ಎಂಬ ಹೆಸರು. ಪೋರ್ಚುಗೀಸರಲ್ಲಿ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿಯ ಊಟಕ್ಕೆ ಕೊನ್ಸೊವಾದಾ ಎನ್ನುತ್ತಾರೆ. ಅದೇ ಮಾತು ಗೋವಾದ ದಾರಿಯಾಗಿ ನಮ್ಮ ಬಾಯಿಗೆ ಹೀಗೆ ಬಂದಿದೆ. ಅವರಿಗೆ ಅದು ಮನೆಯವರು ಕೂತು ಉಣ್ಣುವ ಊಟ. ನಮಗೆ ಅದು ಮನೆಯಿಂದ ಹೊರಗೆ ಹೋಗುವ ತಟ್ಟೆ.

ನನ್ನ ಮನೆ ಮಂಗಳೂರಿನ ಕುಲಶೇಖರದಲ್ಲಿ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಈ ಕೆಲಸ ಕಲಿಸಿದ್ದು ನನ್ನ ಅತ್ತೆ, ನಾವು ಮಾಂಯ್ ಎಂದು ಕರೆಯುತ್ತಿದ್ದವರು. ನವೆಂಬರ್ ತಿಂಗಳಲ್ಲೇ ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಗಳ ಪಟ್ಟಿ ಬರೆಯುತ್ತಿದ್ದರು. ನನ್ನ ಈಗಿನ ಪಟ್ಟಿಯಲ್ಲಿ ಹದಿನಾಲ್ಕು ಮನೆಗಳಿವೆ. ಎದುರು ಮನೆಯ ಭಟ್ಟರಲ್ಲಿ ಮೊಟ್ಟೆ ಆಗುವುದಿಲ್ಲ. ಹಿಂದಿನ ಮನೆಯ ಬ್ಯಾರಿ (ಕರಾವಳಿಯ ಮುಸ್ಲಿಮ) ಕುಟುಂಬಕ್ಕೆ ರಮ್ ಇರುವ ಕೇಕ್ ಕೊಡುವಂತಿಲ್ಲ. ಮೂಲೆ ಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ. ಇನ್ನೊಂದು ಮನೆಯ ಹಿರಿಯ ಅಮ್ಮ ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಅವರಿಗೆ ಕದಳಿ ಬಾಳೆಹಣ್ಣಿನ ಚಿಪ್ಪು, ಒಂದು ಪೊಟ್ಟಣ ಒಣದ್ರಾಕ್ಷಿ, ಗೋಡಂಬಿ ಹೋಗುತ್ತದೆ, ಅದೂ ಅದೇ ಕಸೂತಿ ಬಟ್ಟೆ ಹೊದಿಸಿದ ತಟ್ಟೆಯಲ್ಲೇ. ಈ ಪಟ್ಟಿ ಕೈಯಲ್ಲಿದ್ದರೆ ಯಾವ ದಿನ ಏನು ಮಾಡಬೇಕು, ಒಂದೇ ಎಣ್ಣೆಯಲ್ಲಿ ಯಾವುದನ್ನು ಮೊದಲು ಕರಿಯಬೇಕು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. ಮೊಟ್ಟೆ ಇಲ್ಲದವು ಮೊದಲು, ಮೊಟ್ಟೆ ಇರುವುದು ಎಲ್ಲಕ್ಕಿಂತ ಕೊನೆಗೆ. ಮೊಟ್ಟೆಯ ಹಿಟ್ಟು ಬಿದ್ದ ಎಣ್ಣೆಯಲ್ಲಿ ಕರಿದ ಚಕ್ಕುಲಿಯನ್ನು ಭಟ್ಟರ ಮನೆಗೆ ಕಳುಹಿಸಿದರೆ ಅವರಿಗೆ ಗೊತ್ತಾಗದಿರಬಹುದು, ಆದರೆ ನನಗೆ ಗೊತ್ತಿರುತ್ತದೆ.

ಇನ್ನು ಕೆಲಸಕ್ಕೆ ಬರೋಣ.

ಹಣ್ಣು ನೆನೆಸುವುದು ನವೆಂಬರ್ 2ರಂದು. ಅಂದು ಸಕಲ ಮೃತರ ಸ್ಮರಣೆಯ ದಿನ. ಬೆಳಿಗ್ಗೆ ಮಾಂಯ್ ಸಮಾಧಿಗೆ ಹೂವಿಟ್ಟು, ಮೊಂಬತ್ತಿ ಹಚ್ಚಿ ಬಂದು, ಮಧ್ಯಾಹ್ನ ಹಣ್ಣು ಹೆಚ್ಚಲು ಕೂರುತ್ತೇನೆ. ಬೇರೆ ದಿನವಾದರೂ ಅಡ್ಡಿಯಿಲ್ಲ, ಆದರೆ ಕನಿಷ್ಠ ನಾಲ್ಕು ವಾರ ನೆನೆದರೆ ಒಳ್ಳೆಯದು. ಒಂದು ಅಳತೆ ಕೇಕಿಗೆ 600 ಗ್ರಾಂ ಹಣ್ಣು: ಕಪ್ಪು ಒಣದ್ರಾಕ್ಷಿ 200 ಗ್ರಾಂ, ಹೊಂಬಣ್ಣದ ಒಣದ್ರಾಕ್ಷಿ 150, ಬೀಜ ತೆಗೆದ ಖರ್ಜೂರ 125, ಸಕ್ಕರೆಯಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ 75, ಅದೇ ರೀತಿಯ ಶುಂಠಿ 50. ಟೂಟಿ ಫ್ರೂಟಿ ನಾನು ಹಾಕುವುದಿಲ್ಲ. ಅದು ಬಣ್ಣ ಹಾಕಿದ ಪಪ್ಪಾಯಿಕಾಯಿ. ರಮ್ಮನ್ನು ಹೀರುತ್ತದೆ, ಬದಲಿಗೆ ಯಾವ ರುಚಿಯನ್ನೂ ಕೊಡುವುದಿಲ್ಲ. ಅಂಗಡಿಯಲ್ಲಿ ಚೆರ್ರಿ ಎಂದು ಸಿಗುವ ಕೆಂಪು ಹಣ್ಣು ಬಹಳ ಸಲ ಸಕ್ಕರೆ ಪಾಕದಲ್ಲಿ ಅದ್ದಿದ ಕರಂಡೆಕಾಯಿಯೇ ಆಗಿರುತ್ತದೆ. ನಮ್ಮ ಗುಡ್ಡದ ಕರಂಡೆಯ ಮೇಲೆ ನನಗೆ ಪ್ರೀತಿಯಿದೆ, ಆ ಬಣ್ಣದ ಮೇಲಿಲ್ಲ.

ದ್ರಾಕ್ಷಿಯನ್ನು ತೊಳೆದರೆ ಬಟ್ಟೆಯ ಮೇಲೆ ಹರಡಿ ಒಂದು ದಿನ ಪೂರ್ತಿ ಬಿಸಿಲಿಗೆ ಒಣಗಿಸಬೇಕು. ನೀರಿನ ಪಸೆ ಉಳಿದರೆ ಬಾಟಲಿಯೊಳಗೆ ಬೂಸಲು ಹಿಡಿಯುತ್ತದೆ. ಖರ್ಜೂರ, ಸಿಪ್ಪೆ, ಶುಂಠಿಗಳನ್ನು ಒಣದ್ರಾಕ್ಷಿಯಷ್ಟೇ ಚಿಕ್ಕದಾಗಿ ಹೆಚ್ಚಿ. ದೊಡ್ಡ ತುಂಡು ಕೇಕಿನ ತಳಕ್ಕಿಳಿಯುತ್ತದೆ, ಕೊಯ್ಯುವಾಗ ಚೂರಿಗೆ ಸಿಕ್ಕಿ ಹೋಳನ್ನೇ ಹರಿಯುತ್ತದೆ. ಎಲ್ಲವನ್ನೂ ಒಣಗಿದ ಗಾಜಿನ ಭರಣಿಗೆ ತುಂಬಿ 200 ಮಿಲಿ ಕಪ್ಪು ರಮ್ ಸುರಿದು, ವಾರಕ್ಕೆರಡು ಸಲ ಭರಣಿಯನ್ನು ತಲೆಕೆಳಗು ಮಾಡಿ ಇಡಿ.

ರಮ್ ಬೇಡದವರ ಕೇಕಿಗೆ ಕಿತ್ತಳೆ ರಸ. ಆದರೆ ಇದನ್ನು ತಿಂಗಳ ಮೊದಲೇ ನೆನೆಸಿಟ್ಟರೆ ಹುಳಿ ಬರುತ್ತದೆ. ಕೇಕ್ ಮಾಡುವ ಹಿಂದಿನ ಸಂಜೆ 200 ಮಿಲಿ ರಸವನ್ನು ಹಣ್ಣುಗಳ ಜೊತೆ ಸಣ್ಣ ಉರಿಯಲ್ಲಿಟ್ಟು, ರಸ ಬಹುಪಾಲು ಹೀರಿಕೊಂಡ ಮೇಲೆ ಇಳಿಸಿ, ತಣಿಸಿ, ರಾತ್ರಿ ಫ್ರಿಜ್‌ನಲ್ಲಿಡಿ. ಇನ್ನೊಂದು ವಿಷಯ ಬಹಳ ಮಂದಿ ಮರೆಯುತ್ತಾರೆ: ಕೆಲವು ವೆನಿಲಾ ಎಸೆನ್ಸ್‌ಗಳಲ್ಲಿಯೂ ಆಲ್ಕೊಹಾಲ್ ಇರುತ್ತದೆ. ಬ್ಯಾರಿ ಮನೆಯ ಕೇಕಿಗೆ ನಾನು ಎಸೆನ್ಸ್ ಬಿಟ್ಟು ತಾಜಾ ಕಿತ್ತಳೆಯ ಸಿಪ್ಪೆಯನ್ನು ತುರಿದು ಹಾಕುತ್ತೇನೆ. ತಮ್ಮನ ಮಗ ಕುವೈತ್‌ನಲ್ಲಿದ್ದಾನೆ. ಅಲ್ಲಿ ಮದ್ಯಕ್ಕೆ ನಿಷೇಧವಿರುವುದರಿಂದ ಅವನ ಹೆಂಡತಿಯೂ ಇದೇ ಕ್ರಮದಲ್ಲಿ ಮಾಡುತ್ತಾಳೆ, ಕಿತ್ತಳೆಗೆ ಬದಲು ಕಪ್ಪು ದ್ರಾಕ್ಷಿಯ ರಸ ಬಳಸುತ್ತಾಳೆ. ಅವಳ ಕೇಕಿನ ಬಣ್ಣ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ.

ಕೇಕ್ ಬೇಯಿಸುವುದು ಡಿಸೆಂಬರ್ 8ರ ಸುಮಾರಿಗೆ. ರಮ್ಮಿನ ಕೇಕಿಗೆ ಎರಡು ವಾರ ವಿಶ್ರಾಂತಿ ಬೇಕು. ಅದೇ ದಿನ ಕೊಯ್ದರೆ ಪುಡಿಪುಡಿಯಾಗುತ್ತದೆ, ಲವಂಗದ ಖಾರವೊಂದೇ ನಾಲಿಗೆಗೆ ಹತ್ತುತ್ತದೆ. ಕಿತ್ತಳೆ ರಸದ್ದನ್ನು ಮಾತ್ರ 22 ಅಥವಾ 23ಕ್ಕೆ ಬೇಯಿಸಿ, ಅದು ಹೆಚ್ಚು ದಿನ ಇರುವುದಿಲ್ಲ. ತೆಗೆದುಕೊಳ್ಳುವವರಿಗೂ ಐದು ದಿನದೊಳಗೆ ಮುಗಿಸಿ, ಫ್ರಿಜ್‌ನಲ್ಲಿಡಿ ಎಂದು ಹೇಳಿ ಕೊಡಿ.

ಬಣ್ಣಕ್ಕೆ ಬೇಕಾಗುವ ಸುಟ್ಟ ಸಕ್ಕರೆಯನ್ನು ಹಿಂದಿನ ದಿನವೇ ಮಾಡಿಡಿ. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆ, ನೀರು ಬೇಡ, ಮಧ್ಯಮ ಉರಿ. ಮೊದಲು ಅಂಚು ಕರಗುತ್ತದೆ, ಆಮೇಲೆ ಜೇನಿನ ಬಣ್ಣ, ಆಮೇಲೆ ಇಟ್ಟಿಗೆಯ ಬಣ್ಣ. ಇಲ್ಲಿ ಹೆದರಿ ಇಳಿಸಿದರೆ ಕೇಕ್ ಬರೀ ಸಿಹಿಯಾಗುತ್ತದೆ, ಬಣ್ಣವೂ ಪೇಲವ. ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದು ಮೊದಲ ಹೊಗೆಯ ಎಳೆ ಎದ್ದ ಕ್ಷಣ ಒಲೆ ಆರಿಸಿ. ಆಗ 75 ಮಿಲಿ ಕುದಿಯುವ ನೀರು ಹಾಕಬೇಕು. ಸಕ್ಕರೆ ಆ ಹೊತ್ತಿಗೆ ಕುದಿಯುವ ನೀರಿಗಿಂತ ಬಹಳ ಹೆಚ್ಚು ಬಿಸಿ ಇರುತ್ತದೆ, ನೀರು ಬಿದ್ದೊಡನೆ ಭುಸ್ಸೆಂದು ಸಿಡಿಯುತ್ತದೆ. ಉದ್ದ ಹಿಡಿಯ ಸೌಟಿನಲ್ಲಿ, ಮುಖ ಹಿಂದಿಟ್ಟು, ಸ್ವಲ್ಪ ಸ್ವಲ್ಪವಾಗಿ ಹಾಕಿ. ತಣ್ಣೀರು ಬೇಡವೇ ಬೇಡ. ಗಂಟು ಕಟ್ಟಿದರೆ ಮತ್ತೆ ಸಣ್ಣ ಉರಿಯಲ್ಲಿಟ್ಟು ಕರಗಿಸಿ.

ಬೆಣ್ಣೆಯ ವಿಷಯದಲ್ಲಿ ಪುಸ್ತಕಗಳಲ್ಲಿ ಬರೆದಿರುವ ಒಂದು ಮಾತು ನಮ್ಮ ಕರಾವಳಿಗೆ ಹೊಂದುವುದಿಲ್ಲ. ಬೆಣ್ಣೆಯನ್ನು ರಾತ್ರಿಯಿಡೀ ಹೊರಗಿಡಿ ಎನ್ನುತ್ತಾರೆ. ಮಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಮೂವತ್ತು ಡಿಗ್ರಿ ದಾಟುತ್ತದೆ. ಹೊರಗಿಟ್ಟ ಬೆಣ್ಣೆ ಎಣ್ಣೆಯಾಗಿಬಿಡುತ್ತದೆ, ಎಣ್ಣೆಯಾದ ಬೆಣ್ಣೆ ಎಷ್ಟು ಕಡೆದರೂ ಗಾಳಿಯನ್ನು ಹಿಡಿಯುವುದಿಲ್ಲ. ಬೆಳಗಿನ ಆರು ಗಂಟೆಗೆ ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು, ತುಂಡು ಮಾಡಿ, ಅರ್ಧ ಗಂಟೆ ಬಿಟ್ಟು ಕೆಲಸ ಶುರು ಮಾಡಿ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಬಾರದು. ಮೊಟ್ಟೆಯನ್ನು ಮಾತ್ರ ಹಿಂದಿನ ರಾತ್ರಿಯೇ ಹೊರಗಿಡಿ, ತಣ್ಣನೆಯ ಮೊಟ್ಟೆ ಬಿದ್ದರೆ ಬೆಣ್ಣೆ ಒಡೆದ ಹಾಲಿನಂತಾಗುತ್ತದೆ. ಹಾಗಾದರೆ ಒಂದು ಚಮಚ ಮೈದಾ ಸೇರಿಸಿ ಕಡೆಯಿರಿ, ಕೂಡಿಕೊಳ್ಳುತ್ತದೆ.

250 ಗ್ರಾಂ ಬೆಣ್ಣೆಯನ್ನು 200 ಗ್ರಾಂ ಪುಡಿ ಸಕ್ಕರೆಯ ಜೊತೆ ಬೆಳ್ಳಗಾಗುವವರೆಗೆ ಕಡೆದು, ಐದು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ಆಮೇಲೆ ಪೂರ್ತಿ ತಣಿದ ಸುಟ್ಟ ಸಕ್ಕರೆಯ ಪಾಕ. 250 ಗ್ರಾಂ ಮೈದಾದಲ್ಲಿ ಎರಡು ಚಮಚವನ್ನು ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ದಾಲ್ಚಿನ್ನಿ ಪುಡಿ ಒಂದು ಟೀ ಚಮಚ, ಲವಂಗ ಆರು, ಕಾಲು ಜಾಯಿಕಾಯಿ ಪುಡಿಮಾಡಿ ಹಾಕಿ ಮೂರು ಸಲ ಜರಡಿ ಹಿಡಿಯಿರಿ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ಮೈದಾವನ್ನು ಮರದ ಸೌಟಿನಿಂದ ಮಡಚಿ ಮಡಚಿ ಬೆರೆಸಬೇಕು, ಕಡೆಯಬಾರದು. ನೆನೆದ ಹಣ್ಣು, 100 ಗ್ರಾಂ ಗೋಡಂಬಿ ಚೂರುಗಳನ್ನು ಪಕ್ಕಕ್ಕಿಟ್ಟ ಎರಡು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಗೆ ಸೇರಿಸಿ. ಭರಣಿಯ ತಳದಲ್ಲಿ ರಮ್ ಉಳಿದಿದ್ದರೆ ಅದನ್ನು ಇದಕ್ಕೆ ಸುರಿಯಬೇಡಿ, ಎತ್ತಿಡಿ.

ಇಷ್ಟು ಹಿಟ್ಟು ಏಳು ಇಂಚಿನ ಎರಡು ದುಂಡು ಟಿನ್‌ಗಳಿಗೆ ಸರಿಹೋಗುತ್ತದೆ. ಒಳಗೆ ಬೆಣ್ಣೆ ಕಾಗದ ಎರಡು ಪದರ; ಕೇಕ್ ಒಂದೂವರೆ ಗಂಟೆ ಒಳಗಿರುತ್ತದೆ, ಒಂದೇ ಪದರವಿದ್ದರೆ ನಡು ಬೇಯುವ ಮುನ್ನ ಅಂಚು ಕಪ್ಪಾಗುತ್ತದೆ. ಓವನ್ 150 ಡಿಗ್ರಿ ಸೆಲ್ಸಿಯಸ್. ಒಂದು ಗಂಟೆ ಬಾಗಿಲು ತೆರೆಯಬೇಡಿ. ಆಮೇಲೆ ಮೇಲ್ಮೈ ಕೆಂಪಗಾಗಿದ್ದರೆ ಮೇಲೊಂದು ಕಾಗದ ಮುಚ್ಚಿ ಇನ್ನೂ ಇಪ್ಪತ್ತರಿಂದ ಮೂವತ್ತು ನಿಮಿಷ. ತೆಂಗಿನ ಗರಿಯ ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟಿರಬಾರದು. ಕಡ್ಡಿ ದ್ರಾಕ್ಷಿಗೆ ತಾಗಿ ಅಂಟಂಟಾದರೆ ಮೋಸಹೋಗಬೇಡಿ, ಬೇರೆ ಕಡೆ ಚುಚ್ಚಿ ನೋಡಿ.

ಮಾಂಯ್ ಕಾಲದಲ್ಲಿ ಓವನ್ ಇರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಎರಡು ಇಂಚು ಹೊಯ್ಗೆ (ಮರಳು) ಹಾಕಿ ಕಾಯಿಸಿ, ಅದರ ಮೇಲೆ ಟಿನ್ ಇಟ್ಟು, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡುತ್ತಿದ್ದರು. ಕೆಂಡಕ್ಕೆ ಬೂದಿ ಕಟ್ಟಿದಾಗ ಬೀಸಣಿಗೆಯಿಂದ ಗಾಳಿ ಹಾಕುವುದು ನನ್ನ ಕೆಲಸವಾಗಿತ್ತು. ಓವನ್ ಇಲ್ಲದವರು ಈಗಲೂ ಅದೇ ರೀತಿ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹೊಯ್ಗೆಯನ್ನೋ ಕಲ್ಲುಪ್ಪನ್ನೋ ಹಾಸಿ, ಹದಿನೈದು ನಿಮಿಷ ಕಾಯಿಸಿ, ಒಂದು ಬಳೆಯಂಥ ಸ್ಟ್ಯಾಂಡ್ ಮೇಲೆ ಟಿನ್ ಇಟ್ಟು, ಬಿಗಿಯಾಗಿ ಮುಚ್ಚಿ ಅತಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೇಲ್ಭಾಗ ಕೆಂಪಗಾಗುವುದಿಲ್ಲ, ಆದರೆ ಕೇಕ್ ಮೆತ್ತಗೆ ಬರುತ್ತದೆ. ಒಂದು ವರ್ಷ ಓವನ್ ಕೆಟ್ಟು ಹಿಟ್ಟನ್ನು ಪೇಟೆಯ ಬೇಕರಿಯೊಂದಕ್ಕೆ ಕೊಟ್ಟಿದ್ದೆ. ಬ್ರೆಡ್ಡಿನ ಬಿಸಿಯಲ್ಲೇ ಇಟ್ಟುಬಿಟ್ಟರು. ಮೇಲೆ ಇದ್ದಿಲು, ನಡುವೆ ಹಸಿ ಹಿಟ್ಟು. ಬೇಕರಿಗೆ ಕೊಡುವುದಾದರೆ ಬ್ರೆಡ್ ಮುಗಿದು ಗೂಡು ತಣಿಯುವ ಹೊತ್ತಿಗೆ ಇಡಿ ಎಂದು ಹೇಳಿ, ಸಾಧ್ಯವಾದರೆ ಅಲ್ಲೇ ನಿಂತಿರಿ.

ಕೇಕ್ ಟಿನ್ನಿನಲ್ಲೇ ಪೂರ್ತಿ ತಣಿಯಲಿ. ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಎತ್ತಿಟ್ಟ ರಮ್‌ನಿಂದ ಒಂದು ದೊಡ್ಡ ಚಮಚ ಹನಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ನಾಲ್ಕೈದು ದಿನಕ್ಕೊಮ್ಮೆ ಮತ್ತೊಂದು ಚಮಚ. ಹೆಚ್ಚು ಹಾಕಿದರೆ ತಳ ಒದ್ದೆಯಾಗುತ್ತದೆ.

ಕರಿಯುವ ಕೆಲಸ 18ರಿಂದ 22ರವರೆಗೆ, ದಿನಕ್ಕೆ ಒಂದೋ ಎರಡೋ. ಒಂದೇ ದಿನ ಎಲ್ಲ ಮಾಡಿ ಮುಗಿಸುವವರನ್ನು ನೋಡಿದ್ದೇನೆ, ಕೊನೆಯ ಬಾಣಲೆಯ ಹೊತ್ತಿಗೆ ಕೈ ಸೋತಿರುತ್ತದೆ, ಎಣ್ಣೆಯೂ ಸೋತಿರುತ್ತದೆ.

18ಕ್ಕೆ ಚಕ್ಕುಲಿ ಮತ್ತು ತುಕ್ಡಿ. ಚಕ್ಕುಲಿ ನಿಮ್ಮ ಮನೆಯ ಕ್ರಮದಲ್ಲೇ ಮಾಡಿ. ಮೂಲೆ ಮನೆಯ ಅಜ್ಜನ ತಟ್ಟೆ ಇದರಿಂದಲೇ ತುಂಬಬೇಕು, ಹಾಗಾಗಿ ಸ್ವಲ್ಪ ಹೆಚ್ಚೇ ಇರಲಿ. ತುಕ್ಡಿ ಎಂದರೆ ಘಟ್ಟದ ಮೇಲಿನವರ ಶಂಕರಪೋಳಿ. ನೀರಿಗೆ ಬದಲು ಕಾಯಿಹಾಲಿನಲ್ಲಿ ಕಲಸುತ್ತೇವೆ, ಅಷ್ಟೇ ವ್ಯತ್ಯಾಸ.

19ಕ್ಕೆ ಗುಳಿಯೊ. ಅಕ್ಕಿಹಿಟ್ಟಿನ ಗೋಲಿ ಗಾತ್ರದ ಉಂಡೆಗಳು. ಅರ್ಧ ಕಿಲೋ ಬೆಳ್ತಿಗೆ (ಬಿಳಿ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಆರಿಸಿ, ನುಣ್ಣಗೆ ಪುಡಿಮಾಡಿ ಜರಡಿ ಹಿಡಿದು, ಹಬೆ ನಿಂತು ಹಿಟ್ಟು ಬಿಡಿಬಿಡಿಯಾಗಿ ಉದುರುವವರೆಗೆ ಹುರಿಯಿರಿ. ಒಂದು ದೊಡ್ಡ ತೆಂಗಿನಕಾಯಿಯ ದಪ್ಪ ಹಾಲು 250 ಮಿಲಿಯಷ್ಟು ತೆಗೆದು, 150 ಗ್ರಾಂ ಸಕ್ಕರೆ, ಉಪ್ಪು, ಅರ್ಧ ಚಮಚ ಜೀರಿಗೆ ಹಾಕಿ ಕುದಿಸಿ, ಬಿಸಿಬಿಸಿಯಾಗಿ ಹಿಟ್ಟಿಗೆ ಸುರಿದು ನಾದಬೇಕು.

ಈ ತಿಂಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗುಳಿಯೊ ಎಣ್ಣೆಯಲ್ಲಿ ಸಿಡಿಯುತ್ತದೆ. ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ಹಬೆಗೆ ದಾರಿ ಇಲ್ಲದಾದಾಗ ಉಂಡೆ ಪಟಾಕಿಯಂತೆ ಒಡೆಯುತ್ತದೆ. ನಾನು ಮದುವೆಯಾಗಿ ಬಂದ ಮೂರನೇ ವರ್ಷ ಹೀಗೆ ಸಿಡಿದ ಎಣ್ಣೆ ನಾದಿನಿಯ ಮುಂಗೈ ಮೇಲೆ ಬಿತ್ತು, ಆ ಕಲೆ ಈಗಲೂ ಇದೆ. ಅಂದಿನಿಂದ ಕ್ರಮ ಬದಲಾಗಿದೆ. ಹಿಟ್ಟನ್ನು ಎರಡು ಸಲ ಜರಡಿ ಹಿಡಿಯುತ್ತೇವೆ. ಉಂಡೆಯನ್ನು ಒತ್ತಿ ನುಣುಪು ಮಾಡುವುದಿಲ್ಲ. ಬೆರಳ ತುದಿಯಲ್ಲಿ ಸಡಿಲವಾಗಿ ಉರುಳಿಸಿ, ಮೇಲೆ ಸಣ್ಣ ಬಿರುಕುಗಳು ಇರಲಿ ಎಂದೇ ಬಿಡುತ್ತೇವೆ. ಬಟ್ಟೆಯ ಮೇಲೆ ಅರ್ಧ ಗಂಟೆ ಆರಿದ ಮೇಲೆ ಪ್ರತಿಯೊಂದಕ್ಕೂ ಸೂಜಿಯಿಂದ ಒಂದು ತೂತು. ಎಣ್ಣೆ ಮಧ್ಯಮ ಬಿಸಿ, ಒಂದು ಸಲಕ್ಕೆ ಒಂದೇ ಹಿಡಿ, ಎಡಗೈಯಲ್ಲಿ ಮುಚ್ಚಳ ಸಿದ್ಧ. ಅಂದು ಮಕ್ಕಳಿಗೆ ಅಡುಗೆಮನೆಯೊಳಗೆ ಪ್ರವೇಶವಿಲ್ಲ. ಎಣ್ಣೆ ತಾಗಿದರೆ ಇಪ್ಪತ್ತು ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯಿರಿ. ಅರಸಿನ, ಟೂತ್‌ಪೇಸ್ಟ್ ಹಚ್ಚಬೇಡಿ.

20ರ ಸಂಜೆ ಕಿಡ್ಯೊ. ಕೊಂಕಣಿಯಲ್ಲಿ ಕಿಡ್ಯೊ ಎಂದರೆ ಹುಳುಗಳು. ಸುರುಳಿ ಸುತ್ತಿದ ಪುಟ್ಟ ಹುಳುವಿನಂತೆಯೇ ಇರುತ್ತದೆ. ವರ್ಷದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಜೆ ಇದು. ಒಬ್ಬರೇ ಕೂತು ಮಾಡಿದರೆ ಮುಗಿಯುವ ಕೆಲಸವಲ್ಲ, ಅದಕ್ಕೇ ಎಲ್ಲರನ್ನೂ ಕರೆಯಬೇಕಾಗುತ್ತದೆ. ನಾದಿನಿ, ಅವಳ ಸೊಸೆ, ಭಟ್ಟರ ಮನೆಯ ಹುಡುಗಿಯರಿಬ್ಬರು, ಬ್ಯಾರಿ ಮನೆಯ ಅಮ್ಮ, ಎಲ್ಲರೂ ಚಾಪೆಯ ಮೇಲೆ ಸುತ್ತ ಕೂರುತ್ತೇವೆ. ಈ ಹಿಟ್ಟಿಗೆ ಹಲವು ಮನೆಗಳಲ್ಲಿ ಮೊಟ್ಟೆ ಒಡೆದು ಹಾಕುತ್ತಾರೆ. ನಾನು ಹಾಕುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು, ಉರುಳಿಸಿದ ಹುಡುಗಿಯರೇ ತಿನ್ನಲಾಗದಂತೆ ಆಗಬಾರದಲ್ಲ. ಗರಿಗರಿತನದಲ್ಲಿ ಏನೂ ಕಡಿಮೆಯಾಗಿಲ್ಲ.

ಅರ್ಧ ಕಿಲೋ ಮೈದಾಕ್ಕೆ ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ಸಕ್ಕರೆ ಪುಡಿ, ಎರಡು ದೊಡ್ಡ ಚಮಚ ಕಾಯಿಸಿದ ತುಪ್ಪ ಹಾಕಿ ಬೆರಳಲ್ಲಿ ಉಜ್ಜಿ, ಸುಮಾರು 225 ಮಿಲಿ ದಪ್ಪ ಕಾಯಿಹಾಲಿನಲ್ಲಿ ಪೂರಿಯ ಹಿಟ್ಟಿನಷ್ಟು ಗಟ್ಟಿಗೆ ಕಲಸಿ. ಹಾಲನ್ನು ಒಮ್ಮೆಗೇ ಸುರಿಯಬೇಡಿ, ಮೈದಾ ಎಷ್ಟು ಹೀರುತ್ತದೆ ಎಂಬುದು ಪ್ರತಿ ಸಲ ಬೇರೆ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಹುಣಸೆ ಬೀಜಕ್ಕಿಂತ ತುಸು ದೊಡ್ಡ ಚೂರು ತೆಗೆದು, ಎಣ್ಣೆ ಸವರಿದ ಫೋರ್ಕಿನ ಬೆನ್ನ ಮೇಲೆ ಅಥವಾ ಇದಕ್ಕೆಂದೇ ಇಟ್ಟ ಹೊಸ ಬಾಚಣಿಗೆಯ ಮೇಲೆ ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ, ತುದಿಯಿಂದ ಸುರುಳಿ ಎಬ್ಬಿಸಿ. ಗೀರುಗಳು ಹೊರಮೈಗೆ ಬರಬೇಕು, ಪಾಕ ಕೂರುವುದು ಅವುಗಳಲ್ಲಿಯೇ. ದಪ್ಪವಾದರೆ ಹೊರಗೆ ಕೆಂಪಾದರೂ ಒಳಗೆ ಹಿಟ್ಟು ಹಸಿಯಾಗಿ ಉಳಿಯುತ್ತದೆ. ಚಿಕ್ಕ ಮಕ್ಕಳು ಒತ್ತಿದ್ದು ಯಾವಾಗಲೂ ದಪ್ಪ. ಅವನ್ನು ಬೇರೆ ಇಟ್ಟು ಕೊನೆಗೆ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಕರಿಯಿರಿ. ಎಸೆಯುವುದು, ಮತ್ತೆ ಮುದ್ದೆ ಮಾಡುವುದು ಎರಡೂ ಬೇಡ. ತಾವು ಮಾಡಿದ್ದು ಯಾವುದು ಎಂದು ಅವರಿಗೆ ಗುರುತು ಸಿಗುತ್ತದೆ.

ತಿಳಿ ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಬಣ್ಣ ಒಂದು ಹಂತ ಏರುತ್ತದೆ. ಪೂರ್ತಿ ತಣಿದ ಮೇಲೆ ಸಕ್ಕರೆ ಹೊದಿಸುವುದು. 250 ಗ್ರಾಂ ಸಕ್ಕರೆಗೆ 100 ಮಿಲಿ ನೀರು ಹಾಕಿ ಕುದಿಸಿ, ಒಂದೆಳೆ ದಾಟಿ, ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತನೆಯ ಉಂಡೆಯಾಗುವ ಹದ ಬಂದಾಗ ಒಲೆ ಆರಿಸಿ, ಕಿಡ್ಯೊಗಳನ್ನು ಸುರಿದು ಬಿಡದೆ ಮೊಗಚುತ್ತಿರಿ. ಎರಡು ನಿಮಿಷದಲ್ಲಿ ಪಾಕ ಬೆಳ್ಳಗೆ ಹರಳುಗಟ್ಟಿ ಒಂದೊಂದೂ ಬೇರೆಯಾಗುತ್ತದೆ. ಹದಕ್ಕೆ ಮುಂಚೆ ಇಳಿಸಿದರೆ ಅಂಟಂಟಾಗಿ ಉಳಿಯುತ್ತದೆ. ಆಗ ಪಾತ್ರೆಯನ್ನು ಮತ್ತೆ ಸಣ್ಣ ಉರಿಗಿಟ್ಟು ಮೊಗಚಿದರೆ ಸರಿಹೋಗುತ್ತದೆ.

21ಕ್ಕೆ ನೆವ್ರ್ಯೊ, ಬೇರೆಡೆ ಕರ್ಜಿಕಾಯಿ ಎನ್ನುವುದು. ಇದರಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ: ಹೂರಣದಲ್ಲಿ ಹಸಿ ಅಂಶ ಇರಬಾರದು. ಹಸಿ ತೆಂಗಿನತುರಿ ಹಾಕಿದರೆ ರುಚಿ ಚೆನ್ನ, ಆದರೆ ಮೂರು ದಿನಕ್ಕೆ ಕಮಟು. ಒಣ ಕೊಬ್ಬರಿ 200 ಗ್ರಾಂ, ಬಿಳಿ ಎಳ್ಳು 200, ಗೋಡಂಬಿ ಚೂರು 100, ಇವನ್ನು ಬೇರೆ ಬೇರೆಯಾಗಿ ಹುರಿದು, ಪೂರ್ತಿ ತಣಿದ ಮೇಲೆಯೇ 250 ಗ್ರಾಂ ಪುಡಿ ಸಕ್ಕರೆ, 50 ಗ್ರಾಂ ಒಣದ್ರಾಕ್ಷಿ, ಏಲಕ್ಕಿ ಸೇರಿಸಿ. ಬಿಸಿ ಇರುವಾಗ ಸೇರಿಸಿದ ಸಕ್ಕರೆ ಬೆವರಿ ಮುದ್ದೆಯಾಗುತ್ತದೆ. ಮೈದಾಕ್ಕೆ ತುಪ್ಪ, ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ನಾಲ್ಕು ಇಂಚಿನ ತೆಳು ಪೂರಿ ಲಟ್ಟಿಸಿ, ಒಂದು ದೊಡ್ಡ ಚಮಚ ಹೂರಣವಿಟ್ಟು, ಅಂಚಿಗೆ ನೀರು ಸವರಿ ಮಡಚಿ, ಗಾಳಿಯನ್ನು ಒತ್ತಿ ಹೊರಹಾಕಿ, ಹಲ್ಲಿನ ಚಕ್ರದಿಂದ ಕತ್ತರಿಸಿ. ಒಂದು ಬಾಯಿಬಿಟ್ಟರೂ ಎಳ್ಳು ಎಣ್ಣೆಗಿಳಿದು ಕರಕಲಾಗಿ ಮುಂದಿನದಕ್ಕೆಲ್ಲ ಅಂಟುತ್ತದೆ. ಹಾಗಾದ ಕೂಡಲೇ ಒಲೆ ಆರಿಸಿ, ಎಣ್ಣೆ ತಣಿಸಿ, ಸೋಸಿ, ಮತ್ತೆ ಶುರು ಮಾಡಿ.

22ಕ್ಕೆ ಗುಲಾಬಿ ಕುಕ್ಕೀಸ್, ಹೂವಿನಾಕಾರದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ತಿಂಡಿ. ಮೊಟ್ಟೆ ಇರುವುದರಿಂದ ಇದು ಎಲ್ಲಕ್ಕಿಂತ ಕೊನೆಗೆ. ಗಾಳಿಯ ಪಸೆಗೆ ಬೇಗ ಮೆತ್ತಗಾಗುವುದರಿಂದಲೂ ಕೊನೆಗೆ. ಮೈದಾ 250 ಗ್ರಾಂ, ಬೆಳ್ತಿಗೆ ಅಕ್ಕಿಯ ಹಿಟ್ಟು 50, ಪುಡಿ ಸಕ್ಕರೆ 125, ಮೊಟ್ಟೆ ಎರಡು, ಚಿಟಿಕೆ ಉಪ್ಪು, ಒಂದು ಚಮಚ ಕರಿ ಎಳ್ಳು, ದಪ್ಪ ಕಾಯಿಹಾಲು ಸುಮಾರು 350 ಮಿಲಿ. ಗಂಟಿಲ್ಲದಂತೆ ಕಲಸಿ ಒಮ್ಮೆ ಸೋಸಿ, ಎಳ್ಳನ್ನು ಆಮೇಲೆ ಹಾಕಿ. ದೋಸೆ ಹಿಟ್ಟಿಗಿಂತ ತುಸು ತೆಳುವಾಗಿರಬೇಕು.

ಹಿಟ್ಟು ಸುಲಭ, ಅಚ್ಚು ಕಷ್ಟ. ಹೊಸ ಅಚ್ಚನ್ನು ತಂದ ದಿನವೇ ಬಳಸಲು ಹೋಗಬೇಡಿ. ತೊಳೆದು ಒರೆಸಿ, ಹಿಂದಿನ ರಾತ್ರಿ ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಹಾಗೆಯೇ ಬಿಡಿ. ಕರಿಯುವಾಗ ಅಚ್ಚು ಎಣ್ಣೆಯೊಳಗೆ ಎರಡು ನಿಮಿಷ ಕಾಯಬೇಕು. ಎತ್ತಿ, ಎಣ್ಣೆ ಕೊಡವಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ಮೇಲ್ಬದಿಗೂ ಹೊರಳಿ ಬೀಗ ಹಾಕಿದಂತಾಗುತ್ತದೆ, ಆಮೇಲೆ ಬಿಡಿಸಲಾಗುವುದಿಲ್ಲ. ಅದ್ದುವಾಗ ಚುಂಯ್ ಎಂಬ ಸದ್ದು ಬರಬೇಕು. ಸದ್ದಿಲ್ಲದೆ ಹಿಟ್ಟು ಜಾರಿದರೆ ಅಚ್ಚು ತಣ್ಣಗಿದೆ. ಹಿಟ್ಟು ಅಂಟದೆ ಅಲ್ಲೇ ಬೆಂದು ಪಾತ್ರೆಗೆ ಉದುರಿದರೆ ಅಚ್ಚು ಮಿತಿಮೀರಿ ಕಾದಿದೆ. ಎಣ್ಣೆಗಿಳಿಸಿ ಹದಿನೈದು ಇಪ್ಪತ್ತು ಸೆಕೆಂಡಿಗೆ ಮೆಲ್ಲಗೆ ಅಲುಗಿಸಿದರೆ ಹೂವು ತಾನಾಗಿ ಕಳಚುತ್ತದೆ. ಇಲ್ಲವಾದರೆ ಕಡ್ಡಿಯಿಂದ ಅಂಚನ್ನು ತುಸು ಎಬ್ಬಿಸಿ. ಮೊದಲ ಎರಡು ಮೂರು ಅಂಟಿಕೊಳ್ಳುವುದು ಸಹಜ. ಹೂವು ಬಿಟ್ಟ ಅಚ್ಚನ್ನು ಕೆಳಗಿಡದೆ ಎಣ್ಣೆಯಲ್ಲೇ ಇಟ್ಟಿರಿ. ಹಿಟ್ಟನ್ನು ಅಗಲ ಪಾತ್ರೆಗಿಂತ ಕಿರಿದಾದ ಆಳದ ಪಾತ್ರೆಯಲ್ಲಿಟ್ಟುಕೊಂಡರೆ ಕೊನೆಯವರೆಗೂ ಅದ್ದಲು ಅನುಕೂಲ.

ತೆಗೆದವನ್ನು ಒಂದರ ಮೇಲೊಂದು ಪೇರಿಸಬೇಡಿ, ಹಬೆ ಸಿಕ್ಕಿಕೊಳ್ಳುತ್ತದೆ. ಹರಡಿ, ಪೂರ್ತಿ ತಣಿಸಿ, ತಣಿದ ಕೂಡಲೇ ಡಬ್ಬಿಗೆ. ನಮ್ಮ ಊರಿನ ಗಾಳಿಯಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟರೆ ಬೆಳಿಗ್ಗೆ ಹಪ್ಪಳ ನೆನೆದಂತಾಗಿರುತ್ತದೆ. ಮೆತ್ತಗಾದವನ್ನು 120 ಡಿಗ್ರಿ ಓವನ್‌ನಲ್ಲಿ ಆರೇಳು ನಿಮಿಷವಿಟ್ಟರೆ ಮತ್ತೆ ಗರಿಗರಿಯಾಗುತ್ತವೆ. ಕುವೈತ್‌ಗೆ ಪಾರ್ಸೆಲ್ ಹೋಗುವಾಗ ಇವನ್ನು ಕಳುಹಿಸುವುದಿಲ್ಲ, ಪುಡಿಯಾಗುತ್ತವೆ. ಕಿಡ್ಯೊ, ಗುಳಿಯೊ, ನೆವ್ರ್ಯೊ ಚೆನ್ನಾಗಿ ತಲುಪುತ್ತವೆ.

24ರ ಮಧ್ಯಾಹ್ನ ತಟ್ಟೆ ತುಂಬುವುದು. ತಳಕ್ಕೆ ಕಿಡ್ಯೊ ಮತ್ತು ತುಕ್ಡಿ, ಅದರ ಮೇಲೆ ನೆವ್ರ್ಯೊ ವೃತ್ತಾಕಾರವಾಗಿ, ನಡುವೆ ಚಕ್ಕುಲಿ. ಗುಳಿಯೊ ಉರುಳುವುದರಿಂದ ಕಾಗದದ ಪೊಟ್ಟಣದಲ್ಲಿ. ಗುಲಾಬಿ ಕುಕ್ಕೀಸ್ ಎಲ್ಲಕ್ಕಿಂತ ಮೇಲೆ. ಕೇಕಿನ ಹೋಳುಗಳನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಬದಿಗೆ. ಸುತ್ತದೆ ಇಟ್ಟರೆ ಅದರ ಪಸೆಗೆ ಪಕ್ಕದ್ದೆಲ್ಲ ಮೆತ್ತಗಾಗುತ್ತದೆ. ಮೊಟ್ಟೆ ಇಲ್ಲದ ತಟ್ಟೆಯನ್ನು ಎಲ್ಲಕ್ಕಿಂತ ಮೊದಲು, ಕೈ ತೊಳೆದುಕೊಂಡು, ಬೇರೆ ಮೇಜಿನ ಮೇಲೆ ತುಂಬಿ ಮುಚ್ಚಿಡಿ. ಭಟ್ಟರ ಮನೆಯ ತಟ್ಟೆಯಲ್ಲಿ ಕೇಕ್, ಕುಕ್ಕೀಸ್‌ಗಳ ಜಾಗ ಖಾಲಿ ಕಾಣಬಾರದು, ಅದಕ್ಕೆ ಅವರಿಗೆ ಎಳ್ಳುಂಡೆ ಹೆಚ್ಚು ಕಟ್ಟುತ್ತೇನೆ. ಸಂಜೆ ನಾಲ್ಕರೊಳಗೆ ಎಲ್ಲ ಮನೆಗೂ ತಲುಪಬೇಕು. ಆಮೇಲೆ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ದೀಪ ಹಾಕುವುದು, ರಾತ್ರಿಯ ಬಲಿಪೂಜೆಗೆ ಹೊರಡುವುದು ಎಂದು ಯಾರಿಗೂ ಪುರುಸೊತ್ತಿರುವುದಿಲ್ಲ. ತಟ್ಟೆಯನ್ನು ಮಕ್ಕಳ ಕೈಯಲ್ಲಿ ಕಳುಹಿಸಿ, ಒಂದೊಂದು ಬಗೆಯ ತಟ್ಟೆಗೆ ಒಂದೊಂದು ಬಣ್ಣದ ದಾರ ಕಟ್ಟಿರಿ. ಒಂದು ವರ್ಷ ದಾರ ಕಟ್ಟದೆ ತಟ್ಟೆಗಳು ಅದಲುಬದಲಾಗುವುದರಲ್ಲಿದ್ದವು, ಗೇಟಿನ ಬಳಿ ಓಡಿಹೋಗಿ ತಡೆದೆ.

ಒಂದು ಡಬ್ಬಿಯನ್ನು ಜನವರಿ 6ರ ಮೂವರು ರಾಯರ ಹಬ್ಬದವರೆಗೆ ಮುಟ್ಟದೆ ಎತ್ತಿಡಿ. ರಜೆ ಸಿಗದೆ ತಡವಾಗಿ ಊರಿಗೆ ಬರುವವರು ಪ್ರತಿ ವರ್ಷ ಇರುತ್ತಾರೆ.

ಕೊನೆಗೆ ಅಚ್ಚು. ಅದನ್ನು ಸಾಬೂನಿನಿಂದ ತೊಳೆಯಬಾರದು. ಬಿಸಿ ಇರುವಾಗಲೇ ಹಿಟ್ಟಿನ ಚೂರುಗಳನ್ನು ಕಡ್ಡಿಯಿಂದ ತೆಗೆದು, ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡಬೇಕು. ಮಾಂಯ್ ಆ ಕಾಗದದ ಮೇಲೆ ಆ ವರ್ಷದ ತಟ್ಟೆಗಳ ಲೆಕ್ಕ ಬರೆದಿಡುತ್ತಿದ್ದರು, ಮುಂದಿನ ಡಿಸೆಂಬರಿನಲ್ಲಿ ಬಿಚ್ಚಿದಾಗ ಕಣ್ಣಿಗೆ ಬೀಳಲಿ ಎಂದು. ಅವರ ಕೊನೆಯ ಕಾಗದದಲ್ಲಿ 9 ಎಂದಿತ್ತು. ನನ್ನದರಲ್ಲಿ ಈಗ 14 ಇದೆ, ಹೊಸದಾಗಿ ಬಾಡಿಗೆಗೆ ಬಂದವರಿಗಾಗಿ ಪಕ್ಕದಲ್ಲಿ ಒಂದು ಗೀಟು ಎಳೆದಿದ್ದೇನೆ.